ದಡ್ಡನೆಂದು ಕಳಿಸುವ ಮೊದಲು

"ಹುಡುಗನ ತಲ್ಯಾಗ ಅಕ್ಷರ ಹೋಗಂಗಿಲ್ರಿ, ಮಾಸ್ತರs ಹೇಳ್ಯಾರ." ಇಚಲಕರಂಜಿಯ ಪವರ್‌ಲೂಮ್ ಕಾರ್ಮಿಕರ ಮನೆಗಳಲ್ಲಿ, ಗಡಹಿಂಗ್ಲಜದ ಹಳ್ಳಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತಿದು. ಬಾಯಿಲೆಕ್ಕ ಸರಿಯಾಗಿ ಮಾಡುವ, ಕೇಳಿದ ಕಥೆಯನ್ನು ಹಾಗೆಯೇ ತಿರುಗಿ ಹೇಳುವ ಮಗು ಪುಸ್ತಕ ಹಿಡಿದರೆ ತಡವರಿಸುತ್ತದೆ. ಶಾಲೆ ಅದನ್ನು ದಡ್ಡತನವೆಂದಿತು, ಮನೆಯವರು ಸೋಮಾರಿತನವೆಂದರು. ಎರಡೂ ಅಲ್ಲ. ಡಿಸ್ಲೆಕ್ಸಿಯಾ ಎಂಬ ಈ ತೊಂದರೆ ಬುದ್ಧಿ ಕಡಿಮೆಯಿರುವುದರಿಂದ ಬರುವುದಲ್ಲ.

ನಮ್ಮ ಗಡಿಭಾಗದಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗು ತಪ್ಪು ಬರೆದರೆ "ಕನ್ನಡದವರಲ್ಲವೇ" ಎಂದು ಬಿಟ್ಟುಬಿಡುತ್ತಾರೆ. ನಿಜ, ನಮ್ಮಲ್ಲಿ ಎ, ಏ ಎರಡಿವೆ, ಮರಾಠಿ ಬರವಣಿಗೆಯಲ್ಲಿ ಒಂದೇ. ನಮ್ಮ ಒತ್ತು ಅಕ್ಷರದ ಕೆಳಗಿಳಿಯುತ್ತದೆ, ಅಲ್ಲಿ ಹೆಚ್ಚಾಗಿ ಪಕ್ಕದಲ್ಲಿ ಕೂಡುತ್ತದೆ. ಅಂಥ ತಪ್ಪುಗಳು ರೂಢಿಯಾದಂತೆ ಹೋಗುತ್ತವೆ. ಆದರೆ ಮನೆಮಾತಿನ ಅಕ್ಷರ ಕಲಿಸಿದ ಮೇಲೂ ವರ್ಷಗಟ್ಟಲೆ ಒತ್ತು ಬಿಡುವ, ಒಂದೇ ಶಬ್ದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುವ ಮಗುವಿನ ವಿಷಯ ಬೇರೆ. ಎರಡೂ ಭಾಷೆಗಳಲ್ಲಿ ಓದಿಸಿ ನೋಡದೆ ತೀರ್ಮಾನಿಸಬಾರದು.

ಮಹಾರಾಷ್ಟ್ರ ಸರ್ಕಾರ 1996ರಲ್ಲಿಯೇ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ವೇಳೆ, ಹೇಳಿದ್ದನ್ನು ಬರೆದುಕೊಡುವ ಸಹಾಯಕ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನೆಲ್ಲ ಹೇಳಿದೆ. 3ನೇ ಇಯತ್ತೆಯಲ್ಲಿ ಅಥವಾ 8ನೇ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಶಿಕ್ಷಕರೇ ತಪಾಸಣೆ ಮಾಡಬೇಕು, ಪ್ರತಿ ಶಾಲೆಯಲ್ಲೂ ಮುಖ್ಯಾಧ್ಯಾಪಕರ ನೇತೃತ್ವದ ಸಮಿತಿಯಿರಬೇಕು ಎಂದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಸೂಚಿಸಿತು. ಸರ್ಕಾರಿ ಶಾಲೆಗೆ ಮಾತ್ರವಲ್ಲ, ಖಾಸಗಿ ಶಾಲೆಗೂ.

ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ನಮಗೆ ಗೊತ್ತು. ಆದರೆ ಆ ರಕ್ಷಣೆಯ ಮರೆಯಲ್ಲಿ ನಿಂತು, ಹತ್ತನೆಯ ಇಯತ್ತೆಯ ಫಲಿತಾಂಶ ಕೆಡಬಾರದೆಂದು ಒಂಬತ್ತರಲ್ಲಿಯೇ ದಾಖಲೆ ಕೈಗೆ ಕೊಟ್ಟು ಕಳಿಸುವ ಶಾಲೆ ತನ್ನನ್ನು ಕ್ರೈಸ್ತ ಶಾಲೆ ಎಂದುಕೊಳ್ಳುವುದು ಹೇಗೆ? ಇದೇ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ, ಮಕ್ಕಳನ್ನು ಕಳಿಸದ ಪಾಲಕರಿಗೆ ದಂಡ ಇಟ್ಟಿದ್ದರು. ಈಗ ಕಳಿಸಿದ ಮಗುವನ್ನು ಶಾಲೆಯೇ ಹಿಂದಕ್ಕೆ ಕಳಿಸುತ್ತಿದೆ. ಆ ಮಗು ನೇರ ಮಗ್ಗಕ್ಕೆ ಬರುತ್ತದೆ.

ವಿಶೇಷ ಶಿಕ್ಷಕರಿಗೆ ಹಣವೆಲ್ಲಿ ಎಂದು ಶಾಲೆಯವರು ಕೇಳುತ್ತಾರೆ. ಆ ಅಡಚಣೆ ಸುಳ್ಳಲ್ಲ. ಆದರೆ ಘಟಕ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಲು, ಉತ್ತರ ಬಾಯಲ್ಲಿ ಕೇಳಲು, ತರಗತಿಯ ಮುಂದೆ ನಿಲ್ಲಿಸಿ ಓದಿಸಿ ನಗೆಪಾಟಲು ಮಾಡದಿರಲು ಹಣವೇಕೆ?

ಪ್ರಮಾಣಪತ್ರಕ್ಕಾಗಿ ಕೊಲ್ಲಾಪುರಕ್ಕೆ ಅಲೆದರೆ ಮಗ್ಗದ ಕಾರ್ಮಿಕನಿಗೆ ಆ ದಿನದ ಮಜೂರಿ ಹೋಗುತ್ತದೆ. ಕಾಗದಪತ್ರವನ್ನು ಶಾಲೆ ಮೊದಲೇ ಸಿದ್ಧಮಾಡಿ ಕೊಡಲಿ, ಜೊತೆಗೆ ಹೋಗಲು ಸಂಘದ ಒಬ್ಬರನ್ನು ನಾವು ಕಳಿಸೋಣ. ಹೊಸ ವರ್ಷದ ಶಾಲೆ ತೆರೆಯುವ ಹೊತ್ತಿಗೆ ತಪಾಸಣೆ ಸಮಿತಿಯಲ್ಲಿ ಯಾರಿದ್ದಾರೆಂದು ನಮ್ಮ ಪ್ರತಿ ಶಾಲೆಯೂ ಫಲಕದ ಮೇಲೆ ಬರೆಯಲಿ, ಕನ್ನಡದಲ್ಲಿಯೂ ಬರೆಯಲಿ.