ಉಪಕರಣಕ್ಕೊಂದು ವಿವರಣೆ, ವಿವರಣೆಗೊಂದು ಪರೀಕ್ಷೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ರೈತರಿಗೆ ಉತಾರವನ್ನು ಓದುವ ಬಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಪಹಣಿಯೆಂದೂ ಕರೆಯಲಾಗುವ ಈ ಪತ್ರದಲ್ಲಿ ಹೊಲದ ವಿಸ್ತೀರ್ಣ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಆ ಹೊಲ ಎರಡೂವರೆ ಎಕರೆಯದಾಯಿತು. ಆದರೆ ಈ ರೂಢಿಯನ್ನರಿಯದವನು ಆ ಚುಕ್ಕೆಯನ್ನು ದಶಮಾಂಶ ಬಿಂದುವೆಂದು ತಿಳಿದರೆ, ಅವನ ಲೆಕ್ಕದಲ್ಲಿ ಹನ್ನೆರಡು ಗುಂಟೆ ನೆಲ ಮಾಯವಾಗುತ್ತದೆ. ಬೆಳೆಹಾನಿಗೆ ಎಕರೆಗೆ 10,000 ರೂಪಾಯಿ ಪರಿಹಾರವೆಂದು ಊಹಿಸಿಕೊಳ್ಳೋಣ. 25,000 ರೂಪಾಯಿಗೆ ಹಕ್ಕುದಾರನಾದವನಿಗೆ ಆಗ 22,000 ಮಾತ್ರ ಲೆಕ್ಕಕ್ಕೆ ಸಿಗುವುದು.

ಇಂತಹ ತಪ್ಪನ್ನು ಇಂದು ಮಾಡಬಹುದಾದವನು ಮನುಷ್ಯನಲ್ಲ, ಯಂತ್ರ. ಕೃತಕ ಬುದ್ಧಿಮತ್ತೆಯ 'ಏಜೆಂಟ್' ಎಂಬ ಹೊಸ ಕಾರಭಾರಿಯ ವಿಷಯವನ್ನು ವಿದ್ಯಾರ್ಥಿಗಳು ಕೇಳಿರಬಹುದು. ಅದರ ಒಳಗಿರುವ ಭಾಷಾ ಮಾದರಿಗೆ ತಾನಾಗಿ ಬರುವುದು ಪದಗಳನ್ನು ಪೋಣಿಸುವ ಕೆಲಸವೊಂದೇ. ದಾಖಲೆಯನ್ನು ಹುಡುಕಲು, ಹವಾಮಾನವನ್ನು ತಿಳಿಯಲು, ಲೆಕ್ಕವನ್ನು ಮಾಡಲು ಅದು ಬೇರೆ ಬೇರೆ ಸಾಫ್ಟ್‌ವೇರ್ ಉಪಕರಣಗಳನ್ನು ಕರೆಯುತ್ತದೆ. ಆ ಉಪಕರಣಗಳನ್ನು ಅದು ಕಣ್ಣಿನಿಂದ ಕಾಣದು, ಕೈಯಿಂದ ಮುಟ್ಟದು. ಪ್ರತಿಯೊಂದರ ಹೆಸರು, ಅದು ಮಾಡುವ ಕೆಲಸ, ಅದಕ್ಕೆ ಒದಗಿಸಬೇಕಾದ ಮಾಹಿತಿ ಇವುಗಳನ್ನು ತಿಳಿಸುವ ಒಂದು ಬರಹವನ್ನು ಓದಿ, ಅದರ ಮೇಲೆಯೇ ಭಾರ ಹಾಕಿ ನಡೆಯುತ್ತದೆ. ಆದುದರಿಂದ ಆ ನಾಲ್ಕು ಸಾಲಿನ ವಿವರಣೆಯು ಉಪಕರಣದ ಅಲಂಕಾರವಲ್ಲ, ಅದರ ಒಂದು ಅಂಗವೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ.

2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿದ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಒಡಂಬಡಿಕೆಯು ಇಂತಹ ವಿವರಣೆಗಳಿಗೆ ಒಂದು ಸಾಮಾನ್ಯ ರೂಪವನ್ನು ಕೊಟ್ಟಿದೆ. ಇದು ಸ್ವಾಗತಾರ್ಹವೇ. ಆದರೆ ಅರ್ಜಿಯ ನಮೂನೆ ಒಂದೇ ಆದ ಮಾತ್ರಕ್ಕೆ ಅದರಲ್ಲಿ ತುಂಬಿದ್ದೆಲ್ಲವೂ ನಿಜವಾಗದು. ಎಕರೆ-ಗುಂಟೆಗಳ ಮಾತನ್ನು ಬರೆಯುವವನೇ ಮರೆತರೆ ಯಾವ ನಮೂನೆಯೂ ಅದನ್ನು ನೆನಪಿಸಲಾರದು.

ನಮ್ಮ ಜಿಲ್ಲೆಯಿಂದಲೇ ಇನ್ನೆರಡು ನಿದರ್ಶನಗಳನ್ನು ನೋಡೋಣ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರು. ಇದು ಸಮುದ್ರಮಟ್ಟದಿಂದ ಅಳೆದ ಎತ್ತರವೇ ಹೊರತು ನೀರಿನ ಆಳವಲ್ಲ. ಉಪಕರಣವು ಅಂಕಿಯನ್ನಷ್ಟೇ ಒಪ್ಪಿಸಿ ಸುಮ್ಮನಾದರೆ ಯಂತ್ರವು ಕೃಷ್ಣೆಯಲ್ಲಿ ಅರ್ಧ ಕಿಲೋಮೀಟರು ಆಳದ ಮಡುವನ್ನು ಸೃಷ್ಟಿಸೀತು! ಎರಡನೆಯದು ಹೆಸರುಗಳ ಸಂಗತಿ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಈಗ ಪ್ರತ್ಯೇಕ ತಾಲೂಕುಗಳಾಗಿವೆ. 2014ರ ನವೆಂಬರ್ 1ರಿಂದ ಬಿಜಾಪುರವೂ ವಿಜಯಪುರವಾಗಿದೆ. ಇತ್ತ ಛತ್ತೀಸಗಢದಲ್ಲಿ ಬಿಜಾಪುರವೆಂಬ ಬೇರೊಂದು ಜಿಲ್ಲೆಯೇ ಇದೆ. ಹಳೆಯ ತಾಲೂಕಿನ ಹೆಸರಿನಲ್ಲಿ ಹುಡುಕಿದಾಗ ಉಪಕರಣವು ಬರಿಗೈಯಲ್ಲಿ ಮರಳಿದರೆ, 'ದಾಖಲೆಯೇ ಇಲ್ಲ' ಎಂದರ್ಥವೋ 'ಇಲ್ಲಿ ಸಿಗಲಿಲ್ಲ' ಎಂದರ್ಥವೋ? ಈ ಎರಡಕ್ಕೂ ಇರುವ ಅಂತರವನ್ನು ಹೊಲದ ಒಡೆಯನು ಚೆನ್ನಾಗಿ ಬಲ್ಲನು. ವಿವರಣೆಯಲ್ಲಿ ಅದು ಬರೆದಿರದಿದ್ದರೆ ಯಂತ್ರವು ಅರಿಯದು.

ಮುಂದೆ ಯಂತ್ರಗಳೇ ಹೆಚ್ಚು ಜಾಣವಾಗುವುವು, ಈ ತೊಡಕು ತಾನಾಗಿ ಬಗೆಹರಿಯುವುದು ಎಂದು ಕೆಲವರು ಹೇಳುತ್ತಾರೆ. ಜಾಣತನ ಬೆಳೆಯುತ್ತಿರುವುದು ದಿಟ. ಆದರೆ 2.20 ಎಂಬ ಅಂಕಿಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದರೊಳಗೆ ಗುಂಟೆ ಕಾಣಿಸದು. ಅದನ್ನು ಬಲ್ಲವರು ಹೇಳಿಯೇ ತಿಳಿಸಬೇಕು.

ಹೇಳಿದರೂ ಸಾಲದು, ಪರೀಕ್ಷಿಸಬೇಕು. ಅದೂ ಒಮ್ಮೆಯಲ್ಲ, ಹಲವು ಬಾರಿ. ಅಂಗಡಿ ಮತ್ತು ವಿಮಾನಯಾನದ ಗ್ರಾಹಕಸೇವೆಯನ್ನು ಅನುಕರಿಸಿ 2024ರಲ್ಲಿ ರೂಪಿಸಿದ 'ಟೌ-ಬೆಂಚ್' ಎಂಬ ಪರೀಕ್ಷೆಯಲ್ಲಿ, ಅಂದಿನ ಶ್ರೇಷ್ಠ ಮಾದರಿಗಳೂ ಅರ್ಧಕ್ಕಿಂತ ಕಡಿಮೆ ಕೆಲಸಗಳನ್ನು ಸರಿಯಾಗಿ ಪೂರೈಸಿದವು. ಅಂಗಡಿಯ ವಿಭಾಗದಲ್ಲಿ ಒಂದೇ ಕೆಲಸವನ್ನು ಎಂಟು ಸಲ ಕೊಟ್ಟು, ಎಂಟು ಸಲವೂ ಸರಿಯಿರಬೇಕೆಂದಾಗ ಫಲವು ಶೇಕಡಾ 25ಕ್ಕಿಂತಲೂ ಕೆಳಗಿಳಿಯಿತು. ಒಮ್ಮೆ ಸರಿಯಾದುದು ಮತ್ತೊಮ್ಮೆ ತಪ್ಪಬಹುದು ಎಂಬುದೇ ಇದರ ಪಾಠ. ಇಂದಿನ ಮಾದರಿಗಳು ಸುಧಾರಿಸಿದ್ದರೂ ಅಳೆಯುವ ಆ ಕ್ರಮ ಹಳತಾಗಿಲ್ಲ.

ಈ ಕಾರ್ಯವನ್ನು ದೂರದ ನಗರಗಳ ಇಂಜಿನಿಯರುಗಳಿಗೇ ಬಿಟ್ಟುಕೊಡುವುದು ತರವಲ್ಲ. ಅವರಿಗೆ ಯಂತ್ರ ಗೊತ್ತು, ಉತಾರ ಗೊತ್ತಿರಲಾರದು. ಈ ತಾಲೂಕುಗಳ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಿ, ಉತ್ತರ ಖಚಿತವಾಗಿ ತಿಳಿದಿರುವ ಇಪ್ಪತ್ತು ಪ್ರಶ್ನೆಗಳನ್ನು ಬರೆದಿಡಲಿ. ಯಾರದೇ ಮನೆಯ ನಿಜವಾದ ದಾಖಲೆಯನ್ನು ಬಳಸದೆ, ಕಲ್ಪಿತ ಅಂಕಿಗಳನ್ನೇ ತೆಗೆದುಕೊಳ್ಳಲಿ. ಯಂತ್ರಕ್ಕೆ ಒಂದೊಂದನ್ನೂ ಎಂಟು ಬಾರಿ ಕೇಳಿ, ತಪ್ಪಿದ್ದನ್ನು ಗುರುತು ಹಾಕಿಕೊಂಡು, ತಪ್ಪು ಯಂತ್ರದ್ದೋ ವಿವರಣೆಯದೋ ಎಂದು ವಿಚಾರಿಸಲಿ. ಪ್ರಯೋಗಶಾಲೆಯ ತಕ್ಕಡಿಯನ್ನು ತೂಗುವ ಮೊದಲು ಸರಿನೋಡಿಕೊಳ್ಳುವ ವಿದ್ಯಾರ್ಥಿಗೆ ಇದು ಹೊಸ ಪಾಠವೇನಲ್ಲ. ಹಾಗೆ ಸರಿನೋಡದ ತಕ್ಕಡಿಯ ಮುಂದೆ ರೈತನನ್ನು ನಿಲ್ಲಿಸುವುದು ಮಾತ್ರ ನ್ಯಾಯವಲ್ಲ.