ಮಣ್ಣು ಕುಡಿದ ಎಣ್ಣೆ

ಭೂಮಿಗೆ ‘ಕ್ಷಮಾ’ ಎಂಬ ಹೆಸರೂ ಉಂಟು. ಆ ಹೆಸರನ್ನು ನಾವು ಅತಿಯಾಗಿ ನಂಬಿದ್ದೇವೆಂದು ತೋರುತ್ತದೆ. ವಿಜಯನಗರದ ಕಡೆಯ ಒಂದು ಗ್ಯಾರೇಜಿನ ಮುಂದೆ ಹುಡುಗನೊಬ್ಬನು ಹಳೆಯ ಎಂಜಿನ್ ಆಯಿಲನ್ನು ಬರಿಯ ನೆಲಕ್ಕೆ ಸುರಿಯುತ್ತಿದ್ದನು. “ಏನಪ್ಪಾ ಇದು?” ಎಂದೆ. “ಮಣ್ಣು ಕುಡ್ಕೊಂಡ್ಬಿಡುತ್ತೆ ಬಿಡಣ್ಣಾ” ಎಂದನು.

ಮಣ್ಣು ಕುಡಿಯುವುದು ನಿಜ. ಜೀರ್ಣಿಸಿಕೊಳ್ಳುವುದೇ ಎಂಬುದು ಪ್ರಶ್ನೆ.

ಮಣ್ಣೆಲ್ಲ ಒಂದೇ ಬಗೆಯದಲ್ಲ. ಮರಳಿನ ಕಣಗಳ ನಡುವಣ ತೆರಪು ದೊಡ್ಡದು. ಎಣ್ಣೆ ಬೇಗ ಕೆಳಗಿಳಿಯುತ್ತದೆ. ಜೇಡಿಯಲ್ಲಿ ತೆರಪು ಅತಿ ಕಿರಿದು. ಎಣ್ಣೆ ಅಲ್ಲಿ ತಡೆದು ಅಡ್ಡಡ್ಡಲಾಗಿ ಹರಡುತ್ತದೆ. ಆದರೆ ಬೇಸಗೆಯ ಬಿರುಕು, ಬೇರಿನ ದಾರಿ, ಪೈಪಿಗಾಗಿ ತೋಡಿದ ಕಾಲುವೆ ಸಿಕ್ಕರೆ ಜೇಡಿಯೂ ಅದನ್ನು ತಡೆಯಲಾರದು. ಕೊಳೆತ ಎಲೆ ಗೊಬ್ಬರದ ಅಂಶ ಹೆಚ್ಚಿದ್ದಷ್ಟೂ ಎಣ್ಣೆಯ ದ್ರವ್ಯಗಳು ಮಣ್ಣಿಗೆ ಅಂಟಿ ನಿಲ್ಲುತ್ತವೆ. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿಯುಂಟು, ಆ ಅಂಶ ಮಾತ್ರ ಕಡಿಮೆ. ಅದರಡಿಯಲ್ಲಿ ಶಿಥಿಲವಾದ ಕಲ್ಲು. ಇನ್ನೂ ಕೆಳಗೆ ಲಾಲ್‌ಬಾಗಿನ ಬಂಡೆಯಂಥ ನೈಸ್ ಶಿಲೆ. ಕೊಳವೆಬಾವಿಗಳು ನೀರೆಳೆಯುವುದು ಆ ಶಿಲೆಯ ಸೀಳುಗಳಿಂದಲೇ. ಸೀಳನ್ನು ಹೊಕ್ಕ ಕೊಳೆಯನ್ನು ಸೋಸುವ ಮಣ್ಣು ಅಲ್ಲಿಲ್ಲ. ಅದು ಯಾರ ಮನೆಯ ಬಾವಿಯಲ್ಲಿ ಏಳುವುದೆಂದು ಮೇಲಿನಿಂದ ಹೇಳಬಲ್ಲವರಿಲ್ಲ.

ಎಂಜಿನ್ ಆಯಿಲು ಮಂದವಾದುದು, ನಿಧಾನವಾಗಿ ಇಳಿಯುತ್ತದೆ. ಪೆಟ್ರೋಲು ಹಾಗಲ್ಲ. ಅದು ಬೇಗ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ, ಮಳೆಗಾಲದಲ್ಲಿ ನೀರಿನೊಡನೆ ಏರಿ ಬೇಸಗೆಯಲ್ಲಿ ಇಳಿದು ನಡುವಣ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನು ನೀರಿನಲ್ಲಿ ಕರಗುವ, ಕ್ಯಾನ್ಸರ್ ತರುವ ದ್ರವ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಲಕ್ಷದಲ್ಲೊಂದು ಪಾಲು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿನ್ನುವುದಿಲ್ಲವೇ ಎಂದು ಕೇಳಬಹುದು. ತಿನ್ನುತ್ತವೆ, ಆದರೆ ಮೆಲ್ಲಗೆ. 1979ರಲ್ಲಿ ಅಮೆರಿಕದ ಬೆಮಿಜಿ ಎಂಬಲ್ಲಿ ಕೊಳವೆಯೊಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ಎಣ್ಣೆ ಮರಳುನೆಲಕ್ಕೆ ಚೆಲ್ಲಿತು. ಬಹುಪಾಲನ್ನು ತೆಗೆದ ಮೇಲೂ ಉಳಿದದ್ದು ದಶಕಗಳ ಕಾಲ ಅಂತರ್ಜಲದ ಮೇಲೆ ತೇಲುತ್ತಲೇ ಇದ್ದಿತು.

ಹುಡುಗನನ್ನು ಬೈದು ಫಲವಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. 2016ರ ನಿಯಮಗಳಂತೆ ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧಿಮಾಡಿ ಮತ್ತೆ ಬಳಸಬಹುದು. ಪ್ರತಿಯೊಂದು ಬಡಾವಣೆಯಲ್ಲಿಯೂ ಅದನ್ನು ಕೊಳ್ಳುವ ಏರ್ಪಾಡಾಗಲಿ; ನೆಲದಡಿ ಟ್ಯಾಂಕು ಹೂಳುವ ಮುನ್ನ ಅಲ್ಲಿಯ ಮಣ್ಣಿನ ಪರೀಕ್ಷೆ ನಡೆಯಲಿ. ಇದು ವಿಜ್ಞಾನದವರ ಕೆಲಸವೆಂದು ಕಲಾ ವಿದ್ಯಾರ್ಥಿಗಳಾದ ನಾವು ಸುಮ್ಮನಿರಬಾರದು. ಬಾವಿಯ ನೀರನ್ನು ನಾವೂ ಕುಡಿಯುತ್ತೇವೆ. ಹನಿಗೂಡಿದರೆ ಹಳ್ಳವೆಂಬ ಮಾತು ಎಣ್ಣೆಗೂ ಸಲ್ಲುತ್ತದೆ. ಭೂಮಿಯು ಸೈರಿಸುತ್ತದೆ ನಿಜ. ನಾವು ಕೊಟ್ಟದ್ದನ್ನು ಮಾತ್ರ ಮರೆಯುವುದಿಲ್ಲ.