ಹರಳಿಗೂ ಕುಲ ಕೇಳುವವರಿಗೆ

ವಜ್ರ ಅಂದರೆ ಇದ್ದಿಲಿನ ಒಡಹುಟ್ಟು, ಬರೀ ಇಂಗಾಲ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಭಾರೀ ಒತ್ತಡ, ಭಾರೀ ಕಾವು ಕೊಟ್ಟು ಮನುಷ್ಯರೇ ಅದನ್ನು ಮಾಡಿ ತೋರಿಸಿದರು. ಗಡಸುತನ ಅದೇ, ಹೊಳಪು ಅದೇ. ಭೇದ ಬರಿಗಣ್ಣಿಗೆ ಕಾಣುವುದಿಲ್ಲ, ಹುಡುಕಲಿಕ್ಕೆ ಬೇರೆ ಯಂತ್ರವೇ ಬೇಕು. ಆದರೂ ಗಣಿವಜ್ರದ ವ್ಯಾಪಾರಿ ಕೇಳುತ್ತಾನೆ: ಇದರ ಹುಟ್ಟು ಯಾವುದು?

ಈ ಪ್ರಶ್ನೆ ನಮಗೇನು ಹೊಸದಲ್ರಿ. ಬಾವಿಕಟ್ಟಿ ಮ್ಯಾಲ, ಚಹಾದಂಗಡಿಯೊಳಗ ಇದನ್ನ ಕೇಳಿಸಿಕೊಂಡೇ ದೊಡ್ಡವರಾಗೇವಿ. ಅವರ ಗಣಿವಜ್ರದ ಹುಟ್ಟಾದರೂ ಎಂಥದು? 1990ರ ದಶಕದಲ್ಲಿ ಸಿಯೆರಾ ಲಿಯೋನಿನಲ್ಲಿ ಜನರ ಕೈ ಕಡಿದವರ ಬಂದೂಕಿಗೆ ದುಡ್ಡು ಹುಟ್ಟಿಸಿದ್ದು ಅದೇ ವಜ್ರ. ಅದು ಅಸಲು!

ಉಗರಗೋಳದ ಮಗ್ಗಲಕ್ಕೇ ಎಲ್ಲಮ್ಮನ ಗುಡ್ಡ. ಅಲ್ಲಿಯ ಹೆಸರಿನಲ್ಲಿ ಕಟ್ಟುವ ಕೆಂಪು-ಬಿಳಿ ಮಣಿಗೆ ಮುತ್ತು ಅಂತಾರ. ಅಂಗಡಿಯಲ್ಲಿ ಪುಡಿಗಾಸು, ದಲಿತ ಹುಡುಗಿಯ ಕೊರಳಿಗೆ ಬಿದ್ದರೆ ಜೀವಮಾನದ ಬೇಡಿ. 1982ರಲ್ಲಿ ಕಾಯ್ದೆ ಬಂತು. 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸರ್ಕಾರವೇ ಎಣಿಸಿದ್ದನ್ನು ಕೂಡಿಸಿದರೆ ರಾಜ್ಯದಲ್ಲಿ 46,660 ದೇವದಾಸಿಯರು. 2023ರಲ್ಲಿ ಕೇಂದ್ರ ಸರ್ಕಾರ ಪ್ರಯೋಗಶಾಲೆಯ ವಜ್ರಕ್ಕೆಂದು ಮದ್ರಾಸಿನ ಐಐಟಿಗೆ ಐದು ವರ್ಷಕ್ಕೆ 242 ಕೋಟಿ ರೂಪಾಯಿ ಗೊತ್ತುಮಾಡಿತು. ಕೊಡಲಿ, ವಿಜ್ಞಾನದ ಮೇಲೆ ನಮಗೆ ಸಿಟ್ಟಿಲ್ಲ. ಇಂಗಾಲವನ್ನು ವಜ್ರ ಮಾಡುವ ಜಾಣರ ದೇಶದಲ್ಲಿ ಒಂದು ಮಣಿಸರ ಹರಿಯಲಿಕ್ಕೆ ಯಾಕ ಬಲ ಸಾಲೂದಿಲ್ಲ?

ಹುಟ್ಟಿನ ಲೆಕ್ಕ ನಮ್ಮ ಹೊಸ ವರ್ಷವನ್ನೂ ಬಿಟ್ಟಿಲ್ಲ. ಯುಗಾದಿಗೆ ಪಂಚಾಂಗ ಓದುತ್ತಾರೆ: ಹುಟ್ಟಿದ ರಾಶಿ ಯಾವುದು, ಆಯ ಎಷ್ಟು, ವ್ಯಯ ಎಷ್ಟು. ಅದೇ ಹೊತ್ತಿಗೆ, ಮಾರ್ಚ್ 21ರ ಸುಮಾರಿಗೆ, ಕುರ್ದ್ ಜನರ ಹೊಸ ವರ್ಷ ನೆವ್ರೋಜ್. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹರಿದು ಹಂಚಿಹೋದ ಜನ ಅವರು. ಅವರ ಕಥೆಯ ಜಹಾಕ್ ಅರಸನ ಹೆಗಲ ಮೇಲೆ ಎರಡು ಹಾವು. ಅವಕ್ಕೆ ದಿನವೂ ಹರೆಯದವರ ಮಿದುಳೇ ಊಟ. ಅವನನ್ನು ಕೆಡವಿದವನು ದೇವರಲ್ಲ, ಕಾವಾ ಎಂಬ ಕಮ್ಮಾರ. ಕುಲುಮೆಯ ಮುಂದೆ ಅವನು ಕಟ್ಟಿಕೊಳ್ಳುತ್ತಿದ್ದ ತೊಗಲೇ ಬಾವುಟವಾಯಿತಂತೆ. (ತೊಗಲು ಮುಟ್ಟಿದರೆ ಮೈಲಿಗೆ ಅನ್ನುವವರು ಕೇಳಿಸಿಕೊಳ್ಳಲಿ.) ಆ ನೆನಪಿಗೆ ಗುಡ್ಡದ ಮೇಲೆ ಬೆಂಕಿ ಹಚ್ಚಿ, ಕೈ ಕೈ ಹಿಡಿದು ಕುಣಿಯುತ್ತಾರೆ. ಬಂದೂಕಿನವರಿಗೆ ಆ ಬೆಂಕಿಯ ಭಯ ಇನ್ನೂ ಹೋಗಿಲ್ಲ. 2023ರ ಮಾರ್ಚ್ 20ರಂದು ಸಿರಿಯಾದ ಜಿಂದೆರೆಸ್ ಊರಲ್ಲಿ ಮನೆ ಮುಂದೆ ಬೆಂಕಿ ಹಚ್ಚಿದ್ದಕ್ಕೆ ನಾಲ್ವರು ಕುರ್ದರನ್ನು ಗುಂಡಿಟ್ಟು ಕೊಂದರು. ಎರಡು ದಿನ ಬಿಟ್ಟು ನಮ್ಮ ಯುಗಾದಿ. ನಾವು ಬೇವು-ಬೆಲ್ಲ ತಿಂದು ರಾಶಿಫಲ ಕೇಳುತ್ತ ಕುಂತಿದ್ದೆವು.

ಬರೂ ಯುಗಾದಿಗೆ ಉಗರಗೋಳದ ಕೇರಿಯೊಳಗ ಪಂಚಾಂಗ ಬ್ಯಾಡ್ರಿ. ಮಾಸ್ತರ, ನೀವು ಸಾಲಿ ಹುಡುಗರಿಗೆ ಇಂಗಾಲದ ಪಾಠ ಮಾಡ್ರಿ, ಕಾವಾನ ಕಥಿ ಹೇಳ್ರಿ. ಕಟಗಿ ನಾವು ತರ್ತೀವಿ. ಕೊರಳಿನ ಮುತ್ತು ಹರಿದು ಒಗೀಬೇಕು ಅನ್ನೋ ಅವ್ವಂದಿರು, ಅಕ್ಕಂದಿರು ಮುಂದ ಬರ್ರಿ. ನಿಮ್ಮ ಬೆನ್ನಿಗೆ ನಾವದೀವಿ.